ಮ್ಯಾನ್ಯುವಲ್ ಗೇರ್‌ಬಾಕ್ಸ್‌ನ ಡ್ರ್ಯಾಗ್ ಕಾರಿಗೆ ಕ್ಲಚ್: ಆಯ್ಕೆಯಿಂದ ಹದಗೊಳಿಸುವವರೆಗೆ

ಮ್ಯಾನ್ಯುವಲ್ ಗೇರ್‌ಬಾಕ್ಸ್ ಇರುವ ಕಾರನ್ನು ಡ್ರ್ಯಾಗ್ ಓಟಕ್ಕೆ (ನಿಂತಲ್ಲಿಂದ ಹೊರಟು ನೇರ ಪಟ್ಟಿಯ ಕೊನೆಯನ್ನು ಬೇಗ ಮುಟ್ಟುವ ಸ್ಪರ್ಧೆಗೆ) ಸಜ್ಜುಗೊಳಿಸುವವರು ಎಂಜಿನ್ನಿನ ಶಕ್ತಿ ಹೆಚ್ಚಿಸಿದ ಕೂಡಲೇ ಸಾಮಾನ್ಯವಾಗಿ ಮಾಡುವ ಕೆಲಸವೆಂದರೆ, ಸಿಗುವುದರಲ್ಲೇ ಅತಿ ಗಟ್ಟಿಯಾಗಿ ಹಿಡಿಯುವ ಕ್ಲಚ್ಚನ್ನು ತಂದು ಕೂರಿಸುವುದು. ಆಮೇಲೆ ಆರಂಭದ ಗೆರೆಯಲ್ಲಿ ಒಂದೋ ಟೈರುಗಳು ಸುಮ್ಮನೆ ತಿರುಗಿ ಹೊಗೆಯಾಡುತ್ತವೆ, ಇಲ್ಲವೇ ಟೈರು ಹಿಡಿದು ಎಂಜಿನ್ ಉಸಿರು ಕಟ್ಟಿದಂತೆ ಕುಸಿಯುತ್ತದೆ, ಇವೆರಡೂ ಆಗದಿದ್ದರೆ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ಮುರಿಯುತ್ತದೆ. ಮೂರಕ್ಕೂ ಕಾರಣ ಒಂದೇ: ಕ್ಲಚ್ಚು ಬೇಕಾದದ್ದಕ್ಕಿಂತ ಹೆಚ್ಚು ಹಿಡಿಯುತ್ತಿದೆ. ಡ್ರ್ಯಾಗ್ ಕಾರಿನ ಒಳ್ಳೆಯ ಕ್ಲಚ್ಚು ಎಂದರೆ ಎಂದೂ ಜಾರದ ಕ್ಲಚ್ಚಲ್ಲ; ಹೊರಡುವಾಗ ಬೇಕಾದಷ್ಟೇ ಹೊತ್ತು ಜಾರಿ, ಆಮೇಲೆ ಕಡೆಯ ಗೆರೆಯವರೆಗೂ ಜಾರದ ಕ್ಲಚ್ಚು. ಆ ಹದವನ್ನು ಹುಡುಕುವ ದಾರಿಯನ್ನು ಈ ಬರಹ ಹೆಜ್ಜೆ ಹೆಜ್ಜೆಯಾಗಿ ವಿವರಿಸುತ್ತದೆ.

ಉದಾಹರಣೆಗಾಗಿ ಅಮೆರಿಕದ ಡ್ರ್ಯಾಗ್ ಪಟ್ಟಿಗಳಲ್ಲಿ ಇಂದಿಗೂ ಹೇರಳವಾಗಿ ಕಾಣುವ ಕಾರೊಂದನ್ನು ಆರಿಸಿಕೊಂಡಿದ್ದೇನೆ: 1979ರಿಂದ 1993ರವರೆಗೆ ತಯಾರಾದ, ‘ಫಾಕ್ಸ್ ಬಾಡಿ’ ಎಂದು ಕರೆಯುವ ಫೋರ್ಡ್ ಮಸ್ಟಾಂಗ್. ಅದರ 5.0 ಲೀಟರ್ ವಿ8 ಎಂಜಿನ್ನನ್ನು 347 ಘನ ಇಂಚಿಗೆ, ಅಂದರೆ ಸುಮಾರು 5.7 ಲೀಟರಿಗೆ ಹಿಗ್ಗಿಸಿ 500 ನ್ಯೂಟನ್ ಮೀಟರ್ ಟಾರ್ಕ್ ಪಡೆಯಲಾಗಿದೆ ಎಂದು ಇಟ್ಟುಕೊಳ್ಳೋಣ. ಮೂಲದ ಟಿ5 ಗೇರ್‌ಬಾಕ್ಸಿನ ಕೊನೆಯ ವರ್ಷಗಳ ಮಾದರಿಯೂ 300 ಪೌಂಡ್ ಅಡಿಗೆ, ಅಂದರೆ ಸುಮಾರು 407 ನ್ಯೂಟನ್ ಮೀಟರಿಗೆ ಮಾತ್ರ ಅರ್ಹವಾದದ್ದರಿಂದ, ಅದರ ಜಾಗದಲ್ಲಿ ಟ್ರೆಮೆಕ್ ಟಿಕೆಒ-600 ಇದೆ. ಚಾಲಕನೂ ಸೇರಿ ಕಾರಿನ ತೂಕ 1,400 ಕಿಲೋ.

ಹೊರಡುವ ಮೊದಲ ಸೆಕೆಂಡಿನಲ್ಲಿ ಏನಾಗುತ್ತದೆ

ಪೆಡಲ್ ಬಿಟ್ಟ ಕ್ಷಣದಲ್ಲಿ ಎಂಜಿನ್ 6,000 ಆರ್‌ಪಿಎಂನಲ್ಲಿ ತಿರುಗುತ್ತಿರುತ್ತದೆ, ಗೇರ್‌ಬಾಕ್ಸಿನ ಶಾಫ್ಟ್ ನಿಶ್ಚಲವಾಗಿರುತ್ತದೆ. ಕ್ಲಚ್ಚು ಜಾರುತ್ತಿರುವಷ್ಟು ಹೊತ್ತು ಗೇರ್‌ಬಾಕ್ಸಿಗೆ ತಲುಪುವ ಟಾರ್ಕನ್ನು ನಿರ್ಧರಿಸುವುದು ಎಂಜಿನ್ ಅಲ್ಲ, ಕ್ಲಚ್ಚಿನ ಹಿಡಿತ. ಈ ಒಂದು ಮಾತು ಮನಸ್ಸಿನಲ್ಲಿ ಕೂತರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ಹಿಡಿತ 900 ನ್ಯೂಟನ್ ಮೀಟರ್ ಇದ್ದರೆ 500ರ ಎಂಜಿನ್ ಇದ್ದರೂ ಗೇರ್‌ಬಾಕ್ಸ್ ಅನುಭವಿಸುವುದು 900ನ್ನು. ಕೊರತೆಯ 400ನ್ನು ಫ್ಲೈವೀಲ್ (ಎಂಜಿನ್ನಿನ ಹಿಂಬದಿಗೆ ಬಿಗಿದ ಭಾರದ ಚಕ್ರ) ಮತ್ತು ಕ್ರ್ಯಾಂಕ್‌ಶಾಫ್ಟ್ ತಮ್ಮ ವೇಗವನ್ನು ಕಳೆದುಕೊಂಡು ಒದಗಿಸುತ್ತವೆ. ತಿರುಗುವ ಈ ಭಾಗಗಳ ಒಟ್ಟು ಜಡತ್ವ 0.2 ಕಿಲೋ-ಚದರ ಮೀಟರ್ ಎಂದಿಟ್ಟುಕೊಂಡರೆ, 6,000 ಆರ್‌ಪಿಎಂನಲ್ಲಿ ಅವುಗಳಲ್ಲಿ ಕೂಡಿರುವ ಶಕ್ತಿ ಸುಮಾರು 39 ಕಿಲೋಜೂಲ್. ಅದನ್ನು ಒಮ್ಮೆಗೇ ಸುರಿಯಬೇಕೋ, ಸ್ವಲ್ಪ ಸ್ವಲ್ಪವಾಗಿ ಬಿಡಬೇಕೋ ಎಂಬುದೇ ಕ್ಲಚ್ ಹದಗೊಳಿಸುವ ವಿದ್ಯೆ.

ಮೊದಲ ಹೆಜ್ಜೆ: ಕಾರಿನ ಅಂಕಿಗಳನ್ನು ಕೂಡಿಸಿಕೊಳ್ಳಿ

ಕ್ಲಚ್ ಕೊಳ್ಳುವ ಮೊದಲು ಐದು ಸಂಗತಿಗಳು ಕೈಯಲ್ಲಿರಬೇಕು: ಚಾಲಕನೊಂದಿಗೆ ಕಾರಿನ ತೂಕ, ಎಂಜಿನ್ನಿನ ಟಾರ್ಕ್, ಮೊದಲ ಗೇರ್ ಮತ್ತು ಹಿಂದಿನ ಆಕ್ಸೆಲ್ಲಿನ ಅನುಪಾತ, ಟೈರಿನ ತ್ರಿಜ್ಯ, ಮತ್ತು ನೀವು ಓಡಿಸುವ ನೆಲದ ಮೇಲೆ ಆ ಟೈರು ತಾಳಬಲ್ಲ ವೇಗವರ್ಧನೆ. ತೂಕವನ್ನು ತೂಗುಸೇತುವೆಯಲ್ಲಿ ನೋಡಬೇಕೇ ಹೊರತು ಪುಸ್ತಕದಿಂದ ಎತ್ತಬಾರದು. ನಮ್ಮ ಕಾರಿನಲ್ಲಿ ಮೊದಲ ಗೇರ್ 2.87, ಆಕ್ಸೆಲ್ 4.56, ಗುಣಿಸಿದರೆ 13.09. ಟೈರು 26 ಇಂಚಿನ ಸ್ಲಿಕ್ (ಮೇಲ್ಮೈಯಲ್ಲಿ ಗೀರುಗಳಿಲ್ಲದ ಓಟದ ಟೈರು), ತ್ರಿಜ್ಯ 0.33 ಮೀಟರ್.

ಐದನೆಯದು ಕಠಿಣ. ಟ್ರ್ಯಾಕ್ ಕೊಡುವ ಚೀಟಿಯಲ್ಲಿ ಮೊದಲ 60 ಅಡಿಯ, ಅಂದರೆ 18.29 ಮೀಟರಿನ ಸಮಯವಿರುತ್ತದೆ. ಅದರಿಂದ ವೇಗವರ್ಧನೆಯನ್ನು ಅಂದಾಜು ಮಾಡಬಹುದು. ಆದರೆ ಇಲ್ಲಿ ಹಲವರು ಎಡವುತ್ತಾರೆ. ದೂರದ ಎರಡರಷ್ಟನ್ನು ಸಮಯದ ವರ್ಗದಿಂದ ಭಾಗಿಸಿದರೆ ನಮ್ಮ ಕಾರಿನ 1.44 ಸೆಕೆಂಡಿಗೆ 17.6 ಮೀಟರ್ ಪ್ರತಿ ಚದರ ಸೆಕೆಂಡ್ ಬರುತ್ತದೆ. ವಾಸ್ತವದಲ್ಲಿ ಅದು ಸುಮಾರು 13.7 ಮಾತ್ರ, ಏಕೆಂದರೆ ಮುಂದಿನ ಟೈರು ಬೆಳಕಿನ ಕಿರಣದಿಂದ ಆಚೆ ಹೋದ ಮೇಲಷ್ಟೇ ಗಡಿಯಾರ ಶುರುವಾಗುತ್ತದೆ, ಅಷ್ಟರಲ್ಲಿ ಕಾರು ಸುಮಾರು 30 ಸೆಂಟಿಮೀಟರ್ ಉರುಳಿರುತ್ತದೆ. ನಿಂತಲ್ಲಿಂದ ಹೊರಡುವಾಗ ಆ 30 ಸೆಂಟಿಮೀಟರಿಗೇ ಎರಡು ಹತ್ತಾಂಶ ಸೆಕೆಂಡ್ ಹಿಡಿಯುತ್ತದೆ.

ಎರಡನೆಯ ಹೆಜ್ಜೆ: ಬೇಕಾದ ಹಿಡಿತವನ್ನು ಲೆಕ್ಕಹಾಕಿ

ಕ್ಲಚ್ಚಿನ ಹಿಡಿತವನ್ನು ಒಟ್ಟು ಅನುಪಾತದಿಂದ ಗುಣಿಸಿ, ಸಾಗಣೆಯಲ್ಲಿ ಕಳೆದುಹೋಗುವುದನ್ನು ತೆಗೆದು (ಇಲ್ಲಿ 12 ಶೇಕಡಾ ಎಂದು ಹಿಡಿದಿದ್ದೇನೆ), ಟೈರಿನ ತ್ರಿಜ್ಯ ಮತ್ತು ಕಾರಿನ ತೂಕಗಳಿಂದ ಭಾಗಿಸಿದರೆ ವೇಗವರ್ಧನೆ ಸಿಗುತ್ತದೆ. ನಮ್ಮ ಕಾರಿಗೆ ಹಿಡಿತದ ಪ್ರತಿ 100 ನ್ಯೂಟನ್ ಮೀಟರಿಗೆ ಸುಮಾರು 2.5 ಮೀಟರ್ ಪ್ರತಿ ಚದರ ಸೆಕೆಂಡ್. ಹಾಗಾಗಿ 13.7ನ್ನು ತಾಳುವ ಟೈರಿಗೆ 550ಕ್ಕಿಂತ ಹೆಚ್ಚಿನ ಹಿಡಿತ ನಿರುಪಯುಕ್ತ.

ಇನ್ನು ಜಾರುವ ಅವಧಿ. 6,000 ಆರ್‌ಪಿಎಂನಿಂದ ಇಳಿಯುತ್ತಿರುವ ಎಂಜಿನ್ನಿನ ವೇಗ, ಸೊನ್ನೆಯಿಂದ ಏರುತ್ತಿರುವ ಇನ್‌ಪುಟ್ ಶಾಫ್ಟಿನ ವೇಗವನ್ನು ಸಂಧಿಸಿದ ಕ್ಷಣದಲ್ಲಿ ಕ್ಲಚ್ಚು ಪೂರ್ತಿ ಕಚ್ಚಿಕೊಳ್ಳುತ್ತದೆ. ಟೈರು ಜಾರದು ಎಂದೇ ಇಟ್ಟುಕೊಂಡು, ಚಕ್ರಗಳ ಜಡತ್ವವನ್ನು ಬಿಟ್ಟು ಲೆಕ್ಕಹಾಕಿದರೆ, 900ರ ಹಿಡಿತದಲ್ಲಿ ಈ ಭೇಟಿ 0.22 ಸೆಕೆಂಡಿನಲ್ಲೇ ನಡೆದು ಎಂಜಿನ್ 1,850 ಆರ್‌ಪಿಎಂಗೆ ಬಿದ್ದಿರುತ್ತದೆ. ಓಟದ ಕ್ಯಾಮ್‌ಶಾಫ್ಟ್ ಇರುವ ಎಂಜಿನ್ ಅಲ್ಲಿಂದ ಮೇಲೇಳಲು ಪಡುವ ಪಾಡು ನೋಡಲಾಗದು. 600ರಲ್ಲಿ 0.58 ಸೆಕೆಂಡ್, 3,250 ಆರ್‌ಪಿಎಂ. 560ರಲ್ಲಿ 0.74 ಸೆಕೆಂಡ್, 3,900. 540ರಲ್ಲಿ 0.86 ಸೆಕೆಂಡ್, 4,360. 520ರಲ್ಲಿ ಒಂದು ಸೆಕೆಂಡಿಗೆ ತುಸು ಹೆಚ್ಚು, 5,000.

ಈ ಸಾಲನ್ನು ಇನ್ನೊಮ್ಮೆ ಓದಿ ನೋಡುವುದು ಒಳ್ಳೆಯದು. 560ರಿಂದ 520ಕ್ಕೆ ಇಳಿದದ್ದು ಬರೀ 7 ಶೇಕಡಾ; ಎಂಜಿನ್ ಕಚ್ಚಿಕೊಳ್ಳುವ ವೇಗದಲ್ಲಿ ಆದ ವ್ಯತ್ಯಾಸ 1,100 ಆರ್‌ಪಿಎಂ. ಹಿಡಿತ ಎಂಜಿನ್ ಟಾರ್ಕಿಗೆ ಹತ್ತಿರವಾದಷ್ಟೂ ಫಲಿತಾಂಶ ಅತಿ ಸೂಕ್ಷ್ಮವಾಗುತ್ತದೆ. ಆದ್ದರಿಂದಲೇ ಹಿಡಿತವನ್ನು ಸ್ವಲ್ಪ ಸ್ವಲ್ಪವಾಗಿ ತಿದ್ದಬಲ್ಲ ಕ್ಲಚ್ಚನ್ನೇ ಕೊಳ್ಳಬೇಕೆಂದು ನಾನು ಒತ್ತಿ ಹೇಳುತ್ತೇನೆ. ತಿದ್ದಲಾಗದ ಕ್ಲಚ್ಚಿನಲ್ಲಿ ಈ ಹದ ಆಕಸ್ಮಿಕವಾಗಿ ಮಾತ್ರ ಸಿಕ್ಕೀತು.

ಜಾರುವಿಕೆಗೆ ಬೆಲೆಯೂ ಇದೆ. 540ರ ಹಿಡಿತದಲ್ಲಿ 0.86 ಸೆಕೆಂಡ್ ಜಾರಿದಾಗ ಕ್ಲಚ್ಚಿನೊಳಗೆ ಹುಟ್ಟುವ ಶಾಖ ಸುಮಾರು 145 ಕಿಲೋಜೂಲ್, 520ರಲ್ಲಿ 167. ಎಲ್ಲವೂ ಸುಮಾರು ಒಂದು ಸೆಕೆಂಡಿನಲ್ಲಿ, ಕೆಲವೇ ಮಿಲಿಮೀಟರ್ ದಪ್ಪದ ಮೇಲ್ಮೈಯಲ್ಲಿ. ಯಾವ ಪ್ಲೇಟ್ ಬೇಕೆಂಬ ಪ್ರಶ್ನೆಗೆ ಉತ್ತರ ಈ ಅಂಕಿಯಲ್ಲೇ ಅಡಗಿದೆ.

ಮೂರನೆಯ ಹೆಜ್ಜೆ: ಕವರ್, ಪ್ಲೇಟ್, ಫ್ಲೈವೀಲ್

ಕ್ಲಚ್ಚಿನ ಹಿಡಿತ ನಾಲ್ಕು ಅಂಶಗಳ ಗುಣಲಬ್ಧ: ಉಜ್ಜುವ ಮುಖಗಳ ಸಂಖ್ಯೆ, ಘರ್ಷಣಾಂಕ, ಪ್ರೆಶರ್ ಪ್ಲೇಟ್ (ಉಜ್ಜುವ ಪ್ಲೇಟನ್ನು ಫ್ಲೈವೀಲಿಗೆ ಅದುಮುವ ಬಿಲ್ಲೆ) ಒತ್ತುವ ಬಲ, ಮತ್ತು ಪ್ಲೇಟಿನ ಸರಾಸರಿ ತ್ರಿಜ್ಯ. ಹತ್ತೂವರೆ ಇಂಚಿನ ಪ್ಲೇಟಿನ ಹೊರ ವ್ಯಾಸ 267 ಮಿಲಿಮೀಟರ್. ಒಳ ವ್ಯಾಸ 165 ಇದ್ದರೆ ಸರಾಸರಿ ತ್ರಿಜ್ಯ 108. ಎರಡು ಮುಖ, 0.3 ಘರ್ಷಣಾಂಕ ಎಂದರೆ 540 ನ್ಯೂಟನ್ ಮೀಟರಿಗೆ ಬೇಕಾದ ಒತ್ತುಬಲ 8,300 ನ್ಯೂಟನ್, ಹಳೆಯ ಲೆಕ್ಕದಲ್ಲಿ ಸುಮಾರು 1,870 ಪೌಂಡ್. ‘ರೇಸಿಂಗ್’ ಎಂಬ ಹಣೆಪಟ್ಟಿಯೊಂದಿಗೆ 2,800 ಪೌಂಡಿನ ಕವರನ್ನು (ಪ್ರೆಶರ್ ಪ್ಲೇಟನ್ನೂ ಅದರ ಸ್ಪ್ರಿಂಗುಗಳನ್ನೂ ಹೊತ್ತ ಹೊದಿಕೆ) ತಂದು ಹಾಕಿದರೆ ಇದೇ ಪ್ಲೇಟಿನಲ್ಲಿ 800 ದಾಟುತ್ತದೆ. ಇನ್‌ಪುಟ್ ಶಾಫ್ಟ್ ಯಾಕೆ ಮುರಿಯಿತೆಂದು ಆಮೇಲೆ ಹುಡುಕಬೇಕಾಗಿಲ್ಲ.

ಕವರುಗಳಲ್ಲಿ ಮೂರು ಬಗೆ. ಇಂದಿನ ಬಹುತೇಕ ಮ್ಯಾನ್ಯುವಲ್ ಕಾರುಗಳಲ್ಲಿರುವ ಡಯಾಫ್ರಾಮ್ ಕವರಿನಲ್ಲಿ ತಟ್ಟೆಯಾಕಾರದ ಒಂದೇ ಸ್ಪ್ರಿಂಗ್ ಇರುತ್ತದೆ. ಪೆಡಲ್ ಹಗುರ, ರಸ್ತೆಗೆ ಹಿತ, ಆದರೆ ಒತ್ತುಬಲವನ್ನು ಹೊರಗಿನಿಂದ ತಿದ್ದುವ ಅವಕಾಶ ಸಾಮಾನ್ಯವಾಗಿ ಇಲ್ಲ. ಬೋರ್ಗ್ ಅಂಡ್ ಬೆಕ್ ಮಾದರಿಯಲ್ಲಿ ಕಾಯಿಲ್ ಸ್ಪ್ರಿಂಗುಗಳೂ ಮೂರು ಅಗಲವಾದ ಸನ್ನೆಗಳೂ ಇರುತ್ತವೆ. ಲಾಂಗ್ ಮಾದರಿಯಲ್ಲಿಯೂ ಕಾಯಿಲ್ ಸ್ಪ್ರಿಂಗುಗಳೇ, ಆದರೆ ಸನ್ನೆಗಳು ತೆಳುವಾಗಿದ್ದು ಅವುಗಳ ಹೊರತುದಿಯಲ್ಲಿ ತೂಕ ಸೇರಿಸುವ ಜಾಗವಿರುತ್ತದೆ. ಡ್ರ್ಯಾಗ್ ಓಟಕ್ಕೆಂದೇ ಮಾಡಿದ ಲಾಂಗ್ ಕವರುಗಳಲ್ಲಿ ಸ್ಪ್ರಿಂಗುಗಳ ಮೇಲೆ ತಿರುಪುಗಳಿದ್ದು, ಬೆಲ್ ಹೌಸಿಂಗಿನ (ಕ್ಲಚ್ಚನ್ನು ಆವರಿಸುವ ಗಂಟೆಯಾಕಾರದ ಕವಚದ) ಕಿಂಡಿಯಿಂದ ಗೇರ್‌ಬಾಕ್ಸ್ ಇಳಿಸದೆಯೇ ಬಿಗಿ ಮಾಡಬಹುದು ಅಥವಾ ಸಡಿಲಿಸಬಹುದು. ಕಾರು ಡ್ರ್ಯಾಗಿಗೆ ಮಾತ್ರ ಮೀಸಲಾಗಿದ್ದರೆ ನನ್ನ ಆಯ್ಕೆ ನಿಸ್ಸಂದೇಹವಾಗಿ ಇದೇ.

ಸನ್ನೆಯ ತೂಕಗಳ ಮಹಿಮೆ ವಿವರಕ್ಕೆ ಅರ್ಹ. ಕವರ್ ತಿರುಗಿದಂತೆ ಈ ತೂಕಗಳು ಹೊರಕ್ಕೆ ಎಳೆದು ಪ್ರೆಶರ್ ಪ್ಲೇಟನ್ನು ಇನ್ನಷ್ಟು ಒತ್ತುತ್ತವೆ, ಮತ್ತು ಆ ಬಲ ಆರ್‌ಪಿಎಂನ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಸ್ಪ್ರಿಂಗುಗಳ ಮೂಲಬಲ 7,000 ನ್ಯೂಟನ್, ತೂಕಗಳ ಬಲ 6,000 ಆರ್‌ಪಿಎಂನಲ್ಲಿ 1,500 ನ್ಯೂಟನ್ ಎಂದಿಟ್ಟುಕೊಳ್ಳಿ. ಹೊರಡುವ ಕ್ಷಣದಲ್ಲಿ ಹಿಡಿತ 551. ಎಂಜಿನ್ 4,500ಕ್ಕೆ ಇಳಿದಾಗ ತೂಕಗಳ ಬಲ 844ಕ್ಕೆ ಕುಗ್ಗಿ ಹಿಡಿತ 508ಕ್ಕೆ ಬರುತ್ತದೆ, ಅಂದರೆ ಎಂಜಿನ್ನನ್ನು ಕೆಳಗೆಳೆಯುವ ಸೆಳೆತ ಬಹುತೇಕ ನಿಂತುಹೋಗುತ್ತದೆ. ಮೇಲೆ 6,800ರಲ್ಲಿ ಹಿಡಿತ 578ಕ್ಕೆ ಏರಿ, ಗೇರ್ ಬದಲಾಯಿಸಿದಾಗ ಕ್ಲಚ್ಚು ಜಾರದಂತೆ ಕಾಯುತ್ತದೆ. ಅದೇ 8,500 ನ್ಯೂಟನ್ನನ್ನು ಸ್ಪ್ರಿಂಗಿನಿಂದಲೇ ಪಡೆದಿದ್ದರೆ ಎಲ್ಲ ವೇಗದಲ್ಲೂ 551 ಇದ್ದು, ಎಂಜಿನ್ ಸೋಲುತ್ತಿರುವಾಗಲೂ ಕ್ಲಚ್ಚು ಅದನ್ನು ಕೆಳಗೆ ಎಳೆಯುತ್ತಲೇ ಇರುತ್ತಿತ್ತು. ತೂಕಗಳಿರುವ ಕ್ಲಚ್ಚು ಎಂಜಿನ್ನಿನ ಕಷ್ಟವನ್ನು ಅರಿತು ತಾನೇ ಸಡಿಲವಾಗುತ್ತದೆ ಎನ್ನಬಹುದು.

ಪ್ಲೇಟಿನ ವಿಷಯಕ್ಕೆ ಬಂದರೆ, ಸಾಮಾನ್ಯ ಆರ್ಗ್ಯಾನಿಕ್ ಲೈನಿಂಗ್ ಮೃದುವಾಗಿ ಹಿಡಿಯುತ್ತದೆ, ಆದರೆ ಕಾದಾಗ ಅದರ ಘರ್ಷಣೆ ಕುಸಿಯುತ್ತದೆ, ಮಿತಿ ಮೀರಿದ ವೇಗದಲ್ಲಿ ಲೈನಿಂಗ್ ಛಿದ್ರವಾಗುವ ಅಪಾಯವೂ ಉಂಟು. ಸೆರಾಮಿಕ್ ಗುಂಡಿಗಳ ಪ್ಲೇಟ್ ಶಾಖವನ್ನು ತಾಳುತ್ತದಾದರೂ ಥಟ್ಟನೆ ಕಚ್ಚುತ್ತದೆ. ಬೀದಿಯಲ್ಲಿ ಓಡಿಸುವವರು ಅದನ್ನು ಇಷ್ಟಪಟ್ಟು ಹಾಕಿಸಿ ಆಮೇಲೆ ಟ್ರಾಫಿಕ್ಕಿನಲ್ಲಿ ಪಶ್ಚಾತ್ತಾಪ ಪಡುತ್ತಾರೆ. ಪ್ರತಿ ಓಟದಲ್ಲೂ ಉದ್ದೇಶಪೂರ್ವಕವಾಗಿ ಜಾರಿಸುವ ಕ್ಲಚ್ಚಿಗೆ ಸಿಂಟರ್ಡ್ (ಪುಡಿಯನ್ನು ಒತ್ತಿ ಕಾಯಿಸಿ ಗಟ್ಟಿಮಾಡಿದ) ಕಬ್ಬಿಣದ ಪ್ಲೇಟೇ ಸರಿ, ಮತ್ತು ಅದರೊಂದಿಗೆ ಉಜ್ಜುವ ಫ್ಲೈವೀಲ್ ಹಾಗೂ ಪ್ರೆಶರ್ ಪ್ಲೇಟಿನ ಮುಖಗಳು ಆ ಪ್ಲೇಟಿನ ತಯಾರಕರು ಹೇಳಿದ ಲೋಹದ್ದೇ ಆಗಿರಬೇಕು. ಎರಡು ಪ್ಲೇಟುಗಳ ಕ್ಲಚ್ಚಿನಲ್ಲಿ ಮುಖಗಳು ನಾಲ್ಕಾಗುವುದರಿಂದ ಅರ್ಧ ಒತ್ತುಬಲ ಸಾಕು, ಶಾಖವೂ ಹಂಚಿಹೋಗುತ್ತದೆ. ನಮ್ಮ 500 ನ್ಯೂಟನ್ ಮೀಟರಿಗೆ ಅದು ಅನಿವಾರ್ಯವಲ್ಲ.

ಪ್ಲೇಟ್ ಕೊಳ್ಳುವಾಗ ನಡುವಿನ ಹಲ್ಲುಗಳನ್ನು ಎಣಿಸಲು ಮರೆಯಬೇಡಿ. ಟಿ5ರ ಇನ್‌ಪುಟ್ ಶಾಫ್ಟಿಗೆ 10 ಹಲ್ಲು, ಟಿಕೆಒ-600ರದಕ್ಕೆ 26. ಫ್ಲೈವೀಲಿನಲ್ಲಿ ಇನ್ನೊಂದು ಬಲೆಯಿದೆ: 1981ರ ನಂತರದ 5.0 ಎಂಜಿನ್ನುಗಳಿಗೆ 50 ಔನ್ಸ್ ಅಸಮತೋಲದ ಫ್ಲೈವೀಲ್ ಬೇಕು, ಅದಕ್ಕಿಂತ ಹಳೆಯವಕ್ಕೆ 28 ಔನ್ಸಿನದು. ಎಂಜಿನ್ನನ್ನು ಹಿಗ್ಗಿಸುವಾಗ ಹಾಕಿದ ಹೊಸ ಕ್ರ್ಯಾಂಕ್ ಯಾವುದಕ್ಕೆ ಹೊಂದಿಸಿದ್ದೆಂದು ಎಂಜಿನ್ ಕಟ್ಟಿದವರನ್ನೇ ಕೇಳಿ ಬರೆದಿಟ್ಟುಕೊಳ್ಳಿ. ತಪ್ಪಿದರೆ ನಡುಕ ಮೊದಲ ಸ್ಟಾರ್ಟಿನಲ್ಲೇ ತಿಳಿಯುತ್ತದೆ, ಬೇರಿಂಗುಗಳಿಗೆ ಹಾನಿ ಆಮೇಲೆ. ತೂಕದ ಬಗ್ಗೆ ಹೇಳುವುದಾದರೆ, 1,400 ಕಿಲೋದ ಕಾರನ್ನು ಸ್ಲಿಕ್ ಟೈರಿನ ಮೇಲೆ ಹೊರಡಿಸಲು ಉಕ್ಕಿನ ಭಾರವಾದ ಫ್ಲೈವೀಲ್ ನೆರವಾಗುತ್ತದೆ, ಶಾಖವನ್ನೂ ಹೆಚ್ಚು ಹೀರುತ್ತದೆ. ಹಗುರ ಕಾರಿಗೆ ಉಕ್ಕಿನ ಮುಖವಿರುವ ಅಲ್ಯೂಮಿನಿಯಂ ಫ್ಲೈವೀಲ್ ಹೊಂದುತ್ತದೆ.

ಒಡೆದರೆ ಎಲ್ಲಿಗೆ ಹಾರುತ್ತದೆ

ಇಲ್ಲಿ ಯಾವ ರಿಯಾಯಿತಿಯೂ ಇಲ್ಲ. ಕಾರ್ಖಾನೆಯಿಂದ ಬಂದ ಎರಕದ ಕಬ್ಬಿಣದ ಫ್ಲೈವೀಲನ್ನು ಡ್ರ್ಯಾಗ್ ಕಾರಿನಲ್ಲಿ ಇಟ್ಟುಕೊಳ್ಳಬಾರದು. ಬಿಸಿಯಾಗಿ, ತಣಿದು, ಮತ್ತೆ ಬಿಸಿಯಾಗಿ ಅದರ ಮೇಲ್ಮೈಯಲ್ಲಿ ಹುಟ್ಟುವ ಸಣ್ಣ ಬಿರುಕುಗಳು ಒಂದು ದಿನ 6,500 ಆರ್‌ಪಿಎಂನಲ್ಲಿ ಒಂದಾಗುತ್ತವೆ, ಆಗ ಆ ತುಂಡುಗಳ ದಾರಿಯಲ್ಲಿರುವುದು ಚಾಲಕನ ಕಾಲುಗಳು. ಅಮೆರಿಕದಲ್ಲಿ ಡ್ರ್ಯಾಗ್ ಓಟಗಳನ್ನು ನಡೆಸುವ ಸಂಸ್ಥೆಯಾದ ಎನ್‌ಎಚ್‌ಆರ್‌ಎ ನಿಯಮದಂತೆ ಕಾಲು ಮೈಲಿಯನ್ನು 11.49 ಸೆಕೆಂಡ್ ಅಥವಾ ಅದಕ್ಕೂ ಕಡಿಮೆ ಸಮಯದಲ್ಲಿ ಓಡುವ ಕಾರಿಗೆ ಎಸ್‌ಎಫ್‌ಐ (ಓಟದ ಬಿಡಿಭಾಗಗಳಿಗೆ ಸುರಕ್ಷತಾ ಮಾನದಂಡ ರೂಪಿಸುವ ಸಂಸ್ಥೆ) 1.1 ಅಥವಾ 1.2 ಮಾನ್ಯತೆಯ ಫ್ಲೈವೀಲ್ ಮತ್ತು ಕ್ಲಚ್ಚು, ಹಾಗೂ ಎಸ್‌ಎಫ್‌ಐ 6.1, 6.2 ಅಥವಾ 6.3 ಮಾನ್ಯತೆಯ ರಕ್ಷಾಕವಚ ಕಡ್ಡಾಯ. ನಿಮ್ಮ ಕಾರು ಅಷ್ಟು ವೇಗವಾಗಿ ಓಡದಿದ್ದರೂ ಉಕ್ಕಿನ ಬೆಲ್ ಹೌಸಿಂಗ್ ಹಾಕಿಸಿ. 1970ರ ಮಾರ್ಚ್ 8ರಂದು ಕ್ಯಾಲಿಫೋರ್ನಿಯಾದ ಲಯನ್ಸ್ ಡ್ರ್ಯಾಗ್ ಸ್ಟ್ರಿಪ್ಪಿನಲ್ಲಿ ಹೆಸರಾಂತ ಡ್ರ್ಯಾಗ್ ಚಾಲಕ ಡಾನ್ ಗಾರ್ಲಿಟ್ಸ್ ಅವರ ಡ್ರ್ಯಾಗ್‌ಸ್ಟರಿನ ಗೇರ್‌ಬಾಕ್ಸ್ ಆರಂಭದ ಗೆರೆಯಲ್ಲೇ ಸ್ಫೋಟಿಸಿ ಅವರ ಬಲಪಾದದ ಒಂದು ಭಾಗ ಹೋಯಿತು; ಮರುವರ್ಷ ಅವರು ಎಂಜಿನ್ನನ್ನು ತಮ್ಮ ಬೆನ್ನಹಿಂದೆ ಇಟ್ಟ ಕಾರಿನೊಂದಿಗೆ ಮರಳಿದರು. ನಮ್ಮ ಮಸ್ಟಾಂಗಿನಲ್ಲಿ ಎಂಜಿನ್ನನ್ನು ಹಿಂದಿಡಲಾಗದು, ಆದ್ದರಿಂದ ಕವಚ ಬೇಕು.

ನಾಲ್ಕನೆಯ ಹೆಜ್ಜೆ: ಜೋಡಣೆಯ ಅಳತೆಗಳು

ಬೆಲ್ ಹೌಸಿಂಗಿನ ಹಿಂದಿನ ರಂಧ್ರದ ಕೇಂದ್ರ ಕ್ರ್ಯಾಂಕ್‌ಶಾಫ್ಟಿನ ಕೇಂದ್ರಕ್ಕೆ ನೇರವಾಗಿರಬೇಕು. ಫ್ಲೈವೀಲಿಗೆ ಡಯಲ್ ಗೇಜ್ ಕಟ್ಟಿ, ಎಂಜಿನ್ನನ್ನು ಕೈಯಿಂದ ಒಂದು ಸುತ್ತು ತಿರುಗಿಸಿ ಓದಿಕೊಳ್ಳಿ. ಗೇಜಿನ ಒಟ್ಟು ವ್ಯತ್ಯಾಸ 0.010 ಇಂಚು ಬಂದರೆ ಕೇಂದ್ರ ಅದರ ಅರ್ಧದಷ್ಟು, ಅಂದರೆ 0.005 ಇಂಚು ಸರಿದಿದೆ ಎಂದರ್ಥ, ಅದೇ ಮಿತಿ. ಹೆಚ್ಚಿದ್ದರೆ ಆಫ್‌ಸೆಟ್ ಡವೆಲ್ ಪಿನ್ನುಗಳನ್ನು (ಕೇಂದ್ರವನ್ನು ತುಸು ಸರಿಸಿ ಮಾಡಿದ ಪಿನ್ನುಗಳನ್ನು) ಹಾಕಿ ಸರಿಪಡಿಸಿ. ಕಷ್ಟಪಟ್ಟು ಬೀಳುವ ಗೇರುಗಳಿಗೂ ಬೇಗ ಹಾಳಾಗುವ ಪೈಲಟ್ ಬೇರಿಂಗಿಗೂ (ಇನ್‌ಪುಟ್ ಶಾಫ್ಟಿನ ತುದಿಯನ್ನು ಕ್ರ್ಯಾಂಕಿನಲ್ಲಿ ಹಿಡಿದಿಡುವ ಬೇರಿಂಗ್) ಈ ಒಂದು ಅಳತೆಯನ್ನು ಬಿಟ್ಟುಬಿಟ್ಟದ್ದೇ ಕಾರಣವಾಗಿರುವುದುಂಟು.

ಪೆಡಲಿನ ಸಲಕರಣೆಯಲ್ಲಿ ಫಾಕ್ಸ್ ಬಾಡಿಗೆ ವಿಶೇಷ ತೊಡಕಿದೆ. ಅದರ ಕ್ಲಚ್ ಕೇಬಲ್ಲಿಗೆ ತಾನೇ ಸರಿಹೊಂದಿಕೊಳ್ಳುವ ಪ್ಲಾಸ್ಟಿಕ್ ಚಕ್ರಭಾಗವಿದ್ದು, ರಿಲೀಸ್ ಬೇರಿಂಗ್ (ಪೆಡಲ್ ಒತ್ತಿದಾಗ ಕವರನ್ನು ಬಿಡಿಸುವ ಬೇರಿಂಗ್) ಸದಾ ಕವರಿನ ಬೆರಳುಗಳನ್ನು, ಅಂದರೆ ಸನ್ನೆಗಳ ಒಳತುದಿಗಳನ್ನು, ಮುಟ್ಟಿಕೊಂಡೇ ಇರುತ್ತದೆ. ಲಾಂಗ್ ಕವರಿಗೆ ಇದು ಸಲ್ಲದು. ಅಲ್ಯೂಮಿನಿಯಂ ಚಕ್ರಭಾಗವನ್ನೂ ಕೈಯಿಂದ ತಿದ್ದುವ ಕೇಬಲ್ಲನ್ನೂ ಹಾಕಿ, ಪೆಡಲ್ ಮೇಲಿರುವಾಗ ಬೇರಿಂಗಿಗೂ ಬೆರಳುಗಳಿಗೂ ನಡುವೆ ಸುಮಾರು 1.5 ಮಿಲಿಮೀಟರ್ ಬಿಡುವು ಉಳಿಯುವಂತೆ ಮಾಡಿ. ಪೆಡಲ್ ಒತ್ತಿದಾಗ ಪ್ಲೇಟು ಪೂರ್ತಿ ಬಿಡುಗಡೆಯಾಗಬೇಕು. ಕಿಂಡಿಯಿಂದ ಫೀಲರ್ ಗೇಜ್ ತೂರಿಸಿ 0.5ರಿಂದ 0.9 ಮಿಲಿಮೀಟರ್ ಅಂತರ ಇದೆಯೇ ನೋಡಿ. ಅದಕ್ಕಿಂತ ಕೆಳಗೆ ಪೆಡಲ್ ಇಳಿಯದಂತೆ ಒಂದು ತಡೆ ಕೂರಿಸಿ. ಪೆಡಲಿನ ವ್ಯರ್ಥ ಓಟ ಕಡಿಮೆಯಾದಷ್ಟೂ ಗೇರ್ ಬದಲಾವಣೆ ಚುರುಕಾಗುತ್ತದೆ.

ಐದನೆಯ ಹೆಜ್ಜೆ: ಹದ ಹುಡುಕುವುದು

ಮೊದಲಿಗೆ ಹೊಸ ಪ್ಲೇಟಿನ ಮುಖ ಎಲ್ಲ ಕಡೆ ಸಮವಾಗಿ ಕೂರಬೇಕು. ಕಡಿಮೆ ಆರ್‌ಪಿಎಂನಲ್ಲಿ ಕೆಲವು ಸಾರಿ ಮೆಲ್ಲಗೆ ಹೊರಟು, ಪ್ರತಿ ಬಾರಿಯೂ ಚೆನ್ನಾಗಿ ತಣಿಯಲು ಬಿಡಿ. ಅದಾಗದೆ ಬಂದ ಯಾವ ಅಂಕಿಯನ್ನೂ ನಂಬಬೇಡಿ.

ದತ್ತಾಂಶ ದಾಖಲಿಸುವ ಉಪಕರಣ ಇಲ್ಲದೆ ಈ ಕೆಲಸ ಕತ್ತಲಲ್ಲಿ ಸೂಜಿ ಹುಡುಕಿದಂತೆ. ಎರಡು ಸಂವೇದಕಗಳು ಸಾಕು: ಎಂಜಿನ್ನಿನ ಆರ್‌ಪಿಎಂ ಮತ್ತು ಪ್ರೊಪೆಲ್ಲರ್ ಶಾಫ್ಟಿನ ಆರ್‌ಪಿಎಂ. ಎರಡನೆಯದನ್ನು ಗೇರಿನ ಅನುಪಾತದಿಂದ ಗುಣಿಸಿದರೆ ಇನ್‌ಪುಟ್ ಶಾಫ್ಟಿನ ವೇಗ. ಎರಡು ರೇಖೆಗಳನ್ನು ಒಂದರ ಮೇಲೊಂದು ಎಳೆದರೆ ನಡುವಿನ ಅಂತರವೇ ಜಾರುವಿಕೆ. ಹೊಸ ಕಾರಿಗೆ ಇಷ್ಟು ಖರ್ಚು ಏಕೆ ಎನ್ನುವವರಿಗೆ ನನ್ನ ಉತ್ತರ, ಮುರಿದ ಒಂದು ಗೇರ್‌ಬಾಕ್ಸಿಗಿಂತ ಇದು ಅಗ್ಗ ಎಂಬುದು.

ಹೊರಡುವಾಗ ಪೆಡಲನ್ನು ಪಾದದಿಂದ ಹದವಾಗಿ ಬಿಡಲು ಯತ್ನಿಸಬೇಡಿ. ಪಾದವನ್ನು ಪಕ್ಕಕ್ಕೆ ಜಾರಿಸಿ ಪೆಡಲನ್ನು ಒಮ್ಮೆಲೇ ಬಿಡಿ, ಪ್ರತಿ ಸಲವೂ ಒಂದೇ ರೀತಿ. ಜಾರಿಸುವ ಕೆಲಸ ಕ್ಲಚ್ಚಿನದು. ಪಾದವೂ ಅದನ್ನೇ ಮಾಡತೊಡಗಿದರೆ ರೇಖೆಯಲ್ಲಿ ಕಾಣುವುದು ಕ್ಲಚ್ಚಿನ ಗುಣವೋ ಕಾಲಿನ ಗುಣವೋ ತಿಳಿಯದು. ಎಂಜಿನ್ನನ್ನು ಒಂದೇ ಆರ್‌ಪಿಎಂನಲ್ಲಿ ನಿಲ್ಲಿಸುವ ಎರಡು ಹಂತದ ರೆವ್ ಲಿಮಿಟರ್ ಇದಕ್ಕೆ ಅಗತ್ಯ.

ಲೆಕ್ಕಕ್ಕಿಂತ ತುಸು ಕಡಿಮೆ ಮೂಲಬಲದಿಂದ ಶುರುಮಾಡಿ, ಮೊದಲ ಓಟಗಳನ್ನು 60 ಅಡಿಗೇ ನಿಲ್ಲಿಸಿ. ಎಂಜಿನ್ ರೇಖೆ 6,000ದಲ್ಲೇ ನಿಂತು ಅಥವಾ ಮೇಲೇರಿ, ಒಂದೂಕಾಲು ಸೆಕೆಂಡಾದರೂ ಇನ್‌ಪುಟ್ ರೇಖೆಯನ್ನು ಕೂಡದೆ, ಸುಟ್ಟ ವಾಸನೆ ಬಂದರೆ ಮೂಲಬಲ ಸಾಲದು. ಎಲ್ಲ ತಿರುಪುಗಳನ್ನೂ ಸಮನಾಗಿ ಅರ್ಧ ಸುತ್ತು ಬಿಗಿಮಾಡಿ. ಒಂದು ಸುತ್ತಿಗೆ ಎಷ್ಟು ಬಲವೆಂಬುದು ಕವರಿನ ತಯಾರಕರ ಕೋಷ್ಟಕದಲ್ಲಿರುತ್ತದೆ. ಎಂಜಿನ್ ರೇಖೆ ಮೂರು ಹತ್ತಾಂಶ ಸೆಕೆಂಡಿನೊಳಗೆ ಧುಮುಕಿ, ಕಾರು ಮುಗ್ಗರಿಸಿದರೆ ಸಡಿಲಿಸಿ. ಇವೆರಡನ್ನೂ ಗುರುತಿಸುವುದು ಸುಲಭ. ಮೋಸ ಮಾಡುವುದು ಮೂರನೆಯ ಚಿತ್ರ: ಎರಡು ರೇಖೆಗಳೂ ಬೇಗನೆ ಕೂಡಿವೆ, ಎಂಜಿನ್ ಕೂಡ ಹೆಚ್ಚು ಇಳಿದಿಲ್ಲ, ನೋಡಲು ಎಲ್ಲವೂ ಸೊಗಸು, ಆದರೆ 60 ಅಡಿಯ ಸಮಯ ಕೆಟ್ಟದ್ದು. ಅಲ್ಲಿ ಇನ್‌ಪುಟ್ ಶಾಫ್ಟಿನ ವೇಗ ಕಾರಿನ ವೇಗವಲ್ಲ, ತಿರುಗುತ್ತಿರುವ ಟೈರಿನ ವೇಗ. ಕ್ಲಚ್ಚು ಜಾರುವ ಬದಲು ಟೈರು ಜಾರಿದೆ. ಆಗಲೂ ಮದ್ದು ಸಡಿಲಿಸುವುದೇ, ಎಷ್ಟೇ ವಿಚಿತ್ರವೆನಿಸಿದರೂ ಸರಿ.

ಒಮ್ಮೆಗೆ ಒಂದನ್ನು ಮಾತ್ರ ಬದಲಿಸಬೇಕು, ಹಾಗೂ ಎರಡು ಓಟಗಳ ನಡುವೆ ಕ್ಲಚ್ಚು ಪ್ರತಿ ಸಲವೂ ಒಂದೇ ಮಟ್ಟಕ್ಕೆ ತಣಿಯಬೇಕು. ಘರ್ಷಣಾಂಕ 5 ಶೇಕಡಾ ಏರುಪೇರಾದರೆ ಹಿಡಿತದಲ್ಲಿ 27 ನ್ಯೂಟನ್ ಮೀಟರ್ ವ್ಯತ್ಯಾಸ, ಅದೆಷ್ಟು ದೊಡ್ಡದೆಂದು ಮೇಲಿನ ಲೆಕ್ಕದಲ್ಲಿ ಕಂಡಿದ್ದೇವೆ. ಬಿಸಿ ಕ್ಲಚ್ಚಿನ ಮೇಲೆ ಮಾಡಿದ ತಿದ್ದುಪಡಿ ತಣ್ಣನೆಯ ಕ್ಲಚ್ಚಿನಲ್ಲಿ ಸುಳ್ಳಾಗುತ್ತದೆ.

ಮೂಲಬಲವಲ್ಲದೆ ಇನ್ನೊಂದು ಕೀಲಿ ಕೈಯಲ್ಲಿದೆ: ಹೊರಡುವ ಆರ್‌ಪಿಎಂ. 540ರ ಹಿಡಿತವನ್ನು ಹಾಗೆಯೇ ಇಟ್ಟು 6,000ರ ಬದಲು 7,000ದಲ್ಲಿ ಹೊರಟರೆ ರೇಖೆಗಳು ಕೂಡುವುದು 4,360ರ ಬದಲು 5,100ರಲ್ಲಿ, ಟೈರಿನ ಮೇಲಿನ ಬಲ ಮಾತ್ರ ಅಷ್ಟೇ (ತೂಕಗಳಿರುವ ಕವರಾದರೆ ತುಸು ಹೆಚ್ಚು). ಎಂಜಿನ್ ತಾಳುವುದಾದರೆ, ಮುಗ್ಗರಿಸುವ ಕಾರಿಗೆ ಇದು ಸುಲಭದ ಪರಿಹಾರ.

ಹೊರಡುವುದು ಹದಕ್ಕೆ ಬಂದ ಮೇಲಷ್ಟೇ ಮೇಲಿನ ಗೇರುಗಳ ಕಡೆ ನೋಡಿ. 6,800ರಲ್ಲಿ ಎರಡನೆಯ ಗೇರಿಗೆ (1.89) ಹೋದಾಗ ಎಂಜಿನ್ 4,480ಕ್ಕೂ, ಅಲ್ಲಿಂದ ಮೂರನೆಯದಕ್ಕೆ (1.28) ಹೋದಾಗ 4,600ಕ್ಕೂ ಇಳಿಯುತ್ತದೆ. ಗೇರ್ ಬಿದ್ದ ಮೇಲೆ ರೇಖೆಗಳು ಎರಡು ಹತ್ತಾಂಶದಷ್ಟು ಹೊತ್ತಿನಲ್ಲಿ ಕೂಡಿದರೆ ಚೆನ್ನ. ಕೂಡದೆ ಎಂಜಿನ್ ತೇಲುತ್ತಿದ್ದರೆ ಆ ಆರ್‌ಪಿಎಂನಲ್ಲಿ ಹಿಡಿತ 500ಕ್ಕಿಂತ ಕಡಿಮೆಯಿದೆ, ಮೂಲಬಲ ಹೆಚ್ಚಬೇಕು. ಗೇರ್ ಬಿದ್ದಾಗ ಸರಿಯಿದ್ದು, ಕೊನೆಯ ಗೇರಿನ ಮೇಲುತುದಿಯಲ್ಲಿ ರೇಖೆಗಳು ಬೇರ್ಪಟ್ಟರೆ ಸನ್ನೆಗಳಿಗೆ ತೂಕ ಸೇರಿಸಿ, ಸೇರಿಸಿದ್ದು ಹೊರಡುವಾಗಲೂ ಹಿಡಿತ ಹೆಚ್ಚಿಸುವುದರಿಂದ ಮೂಲಬಲವನ್ನು ಅದಕ್ಕೆ ತಕ್ಕಂತೆ ಇಳಿಸಿ. ಎಲ್ಲ ಸನ್ನೆಗಳ ತೂಕವನ್ನೂ ಗ್ರಾಂ ಲೆಕ್ಕದಲ್ಲಿ ಸಮವಾಗಿಡಬೇಕು.

ಹವೆ, ಎತ್ತರ, ನೆಲ

ಹಿಡಿತ ಎಂಜಿನ್ ಟಾರ್ಕಿಗೆ ಇಷ್ಟು ಸಮೀಪದಲ್ಲಿರುವುದರಿಂದ ಗಾಳಿಯ ಸಾಂದ್ರತೆ ಬದಲಾದರೂ ಹದ ತಪ್ಪುತ್ತದೆ. ಸಮುದ್ರಮಟ್ಟದಲ್ಲಿ 540ಕ್ಕೆ ಹೊಂದಿಸಿದ ನಮ್ಮ ಕಾರನ್ನು ಸುಮಾರು 900 ಮೀಟರ್ ಎತ್ತರದ ಬೆಂಗಳೂರಿಗೆ ತಂದರೆ ಟರ್ಬೊ ಇಲ್ಲದ ಎಂಜಿನ್ನಿನ ಟಾರ್ಕ್ 9 ಶೇಕಡಾದಷ್ಟು ಕುಗ್ಗಿ 455ಕ್ಕೆ ಬರುತ್ತದೆ. ಕ್ಲಚ್ಚು ಏನೂ ಬದಲಾಗದಿದ್ದರೂ ರೇಖೆಗಳು 4,360ರ ಬದಲು 3,340ರಲ್ಲಿ ಕೂಡುತ್ತವೆ. ಚೆನ್ನೈಯಲ್ಲಿ ಚೆನ್ನಾಗಿ ಹೊರಟ ಕಾರು ಇಲ್ಲಿ ಮುಗ್ಗರಿಸಿದರೆ ಎಂಜಿನ್ ಬಿಚ್ಚುವ ಮೊದಲು ಕ್ಲಚ್ಚನ್ನು ಸಡಿಲಿಸಿ ನೋಡಿ. ಡೆನ್ವರ್ ಬಳಿ 2023ರವರೆಗೆ ನಡೆದ ಬ್ಯಾಂಡಿಮಿಯರ್ ಸ್ಪೀಡ್‌ವೇ 1,700 ಮೀಟರಿಗೂ ಎತ್ತರದಲ್ಲಿತ್ತು. ಕೆಳನಾಡಿನ ಹದ ಅಲ್ಲಿ ನಡೆಯುತ್ತಿರಲಿಲ್ಲ. ಒಂದೇ ದಿನದಲ್ಲೂ ಮಧ್ಯಾಹ್ನದ ಬಿಸಿಲಿಗೂ ರಾತ್ರಿಯ ತಂಪಿಗೂ ಇದೇ ನ್ಯಾಯ, ಕಡಿಮೆ ಪ್ರಮಾಣದಲ್ಲಿ.

ನೆಲದ ಪ್ರಶ್ನೆ ಭಾರತದಲ್ಲಿ ಇನ್ನೂ ಗಂಭೀರ. ಅಂಟುದ್ರವ ಸಿಂಪಡಿಸಿ, ರಬ್ಬರ್ ಕೂರಿಸಿ ಸಿದ್ಧಪಡಿಸಿದ ಪಟ್ಟಿ ನಮ್ಮಲ್ಲಿ ಅಪರೂಪ. ಆಂಬಿ ವ್ಯಾಲಿಯ ವ್ಯಾಲಿ ರನ್‌ನಂತೆ ವಿಮಾನದ ಓಡುದಾರಿಗಳ ಮೇಲೆ ಸ್ಪರ್ಧೆ ನಡೆಯುತ್ತದೆ. ಅಂಥ ನೆಲ ಗುರುತ್ವದ 0.9ರಷ್ಟನ್ನು ಮಾತ್ರ ತಾಳುವುದಾದರೆ ನಮ್ಮ ಕಾರಿಗೆ ಸಲ್ಲುವ ಹಿಡಿತ ಸುಮಾರು 355 ನ್ಯೂಟನ್ ಮೀಟರ್, ಎಂಜಿನ್ ಟಾರ್ಕಿಗಿಂತಲೂ ಕಡಿಮೆ. ಅದನ್ನು ಕ್ಲಚ್ಚಿನಿಂದ ಸಾಧಿಸಲು ಹೋದರೆ ಎಂಜಿನ್ ಎಂದೂ ಕೆಳಗಿಳಿಯದೆ ಪ್ಲೇಟು ಸುಟ್ಟುಹೋಗುತ್ತದೆ. ಅಲ್ಲಿ ಒಟ್ಟು ಅನುಪಾತವನ್ನು 13ರಿಂದ 9ರ ಸುತ್ತ ಇಳಿಸಬಹುದು; ಆಗ 520ರ ಹಿಡಿತವೇ ಸರಿಹೊಂದುತ್ತದೆ, ಆದರೆ ಜಾರುವಿಕೆ 1.8 ಸೆಕೆಂಡಿಗೂ ಶಾಖ 300 ಕಿಲೋಜೂಲಿಗೂ ಏರುವುದರಿಂದ ಎರಡು ಪ್ಲೇಟುಗಳ ಕ್ಲಚ್ಚು ಬೇಕಾಗುತ್ತದೆ. ಇಲ್ಲವೇ ಮೊದಲ ಸೆಕೆಂಡಿನಲ್ಲಿ ಇಗ್ನಿಷನ್ನನ್ನು ಹಿಂದೂಡಿ ಎಂಜಿನ್ ಟಾರ್ಕನ್ನೇ ತಗ್ಗಿಸಬೇಕು. ಆಧುನಿಕ ಇಸಿಯು (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್) ಇರುವ ಕಾರಿನಲ್ಲಿ ಎರಡನೆಯ ದಾರಿ ಅಗ್ಗವೂ ಹೌದು, ಕ್ಲಚ್ಚಿಗೆ ಹಿತವೂ ಹೌದು.

ಆರನೆಯ ಹೆಜ್ಜೆ: ಸವೆತವನ್ನು ಹಿಂಬಾಲಿಸುವುದು

ಕಾಯಿಲ್ ಸ್ಪ್ರಿಂಗಿನ ಕವರಿನಲ್ಲಿ ಪ್ಲೇಟು ಸವೆದಂತೆ ಸ್ಪ್ರಿಂಗುಗಳು ಹಿಗ್ಗಿ ಮೂಲಬಲ ಇಳಿಯುತ್ತದೆ. ಜೊತೆಗೆ ಕವರಿನ ಬೆರಳುಗಳು ಹಿಂದಕ್ಕೆ ಸರಿದು ರಿಲೀಸ್ ಬೇರಿಂಗಿನ ಬಿಡುವು ಕಿರಿದಾಗುತ್ತದೆ. ಬಿಡುವು ಪೂರ್ತಿ ಇಲ್ಲವಾದರೆ ಬೇರಿಂಗೇ ಕ್ಲಚ್ಚನ್ನು ಅರೆಬರೆ ಒತ್ತಿಹಿಡಿದು, ಒಂದೇ ಓಟದಲ್ಲಿ ಪ್ಲೇಟನ್ನು ಸುಡಬಹುದು. ಆದ್ದರಿಂದ ಪ್ರತಿ ಎರಡು ಮೂರು ಓಟಗಳಿಗೊಮ್ಮೆ ಬಿಡುವನ್ನು ಅಳೆದು ಸರಿಪಡಿಸಿ. ಬಿಡುವು ಎಷ್ಟು ಕಿರಿದಾಯಿತು ಎಂಬುದರಿಂದ ಪ್ಲೇಟಿನ ಸವೆತವನ್ನೂ ಊಹಿಸಬಹುದು.

ಕ್ಲಚ್ಚನ್ನು ಇಳಿಸಿದಾಗ ಪ್ಲೇಟಿನ ದಪ್ಪವನ್ನು ಮೈಕ್ರೋಮೀಟರಿನಿಂದ ಆರು ಕಡೆ ಅಳೆಯಿರಿ. ಒಳ ಅಂಚು ಹೊರ ಅಂಚಿಗಿಂತ ತೆಳುವಾಗಿದ್ದರೆ ಪ್ರೆಶರ್ ಪ್ಲೇಟು ಶಾಖಕ್ಕೆ ಬಾಗಿದೆ. ಫ್ಲೈವೀಲಿನ ಮುಖದಲ್ಲಿ ತೆಳುವಾದ ನೀಲಿ ಛಾಯೆ ಎಲ್ಲ ಕಡೆ ಸಮವಾಗಿದ್ದರೆ ಆತಂಕವಿಲ್ಲ. ಬಿಡಿಬಿಡಿಯಾದ ಕಡುನೀಲಿ ಮಚ್ಚೆಗಳು ಗಟ್ಟಿಯಾದ ಬಿಂದುಗಳು, ಅವುಗಳನ್ನು ಗ್ರೈಂಡಿಂಗ್ ಮಾಡಿಸದೆ ಹೊಸ ಪ್ಲೇಟು ಹಾಕಿದರೆ ಕ್ಲಚ್ಚು ಅದುರುತ್ತದೆ. ಕೇಂದ್ರದಿಂದ ಹೊರಕ್ಕೆ ಓಡುವ, ಉಗುರಿಗೆ ತಗಲುವ ಬಿರುಕು ಕಂಡರೆ ಆ ಫ್ಲೈವೀಲನ್ನು ಮತ್ತೆ ಕಾರಿಗೆ ಹಾಕಬೇಡಿ. ಗ್ರೈಂಡಿಂಗ್ ಆದ ಮೇಲೆ ಫ್ಲೈವೀಲ್ ತೆಳುವಾಗಿ ಕವರ್ ಮುಂದಕ್ಕೆ ಸರಿಯುವುದರಿಂದ ಬಿಡುವು, ಅಂತರ, ಪೆಡಲಿನ ತಡೆ ಮೂರನ್ನೂ ಮತ್ತೆ ಮೊದಲಿನಿಂದ ಹೊಂದಿಸಿ, ಕವರಿನ ಬೋಲ್ಟುಗಳನ್ನು ಹೊಸದಾಗಿ ಹಾಕಿ, ಟಾರ್ಕ್ ರೆಂಚಿನಿಂದ ಎದುರುಬದುರಾಗಿ ಹಂತಹಂತವಾಗಿ ಬಿಗಿಯಿರಿ, ಮತ್ತು ತಿರುಪುಗಳು ಪೂರ್ತಿ ಒಳಗಿನಿಂದ ಎಷ್ಟು ಸುತ್ತು ಹೊರಗಿವೆ ಎಂಬುದನ್ನು ಆ ದಿನದ ಹವೆ, ಹೊರಟ ಆರ್‌ಪಿಎಂ ಮತ್ತು 60 ಅಡಿಯ ಸಮಯದ ಪಕ್ಕದಲ್ಲೇ ಪುಸ್ತಕದಲ್ಲಿ ಬರೆದಿಡಿ.